ವಾಟರ್ಲೂ 2010: ಹುಡುಕಿದ ವಿಶ್ವವಿದ್ಯಾಲಯಕ್ಕೇ ಶಿಕ್ಷೆಯಾದ ಪ್ರಕರಣ

2010ರ ಮಾರ್ಚ್ 31ರಂದು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 62 ಹುಡುಗರು ಮೂತ್ರದ ಮಾದರಿ ಕೊಟ್ಟರು. ಜೊತೆಗೆ 20 ರಕ್ತದ ಮಾದರಿಗಳನ್ನೂ ತೆಗೆದುಕೊಂಡರು. ಇಡೀ ತಂಡವನ್ನು ಹೀಗೆ ಒಟ್ಟಿಗೆ ಪರೀಕ್ಷೆಗೆ ನಿಲ್ಲಿಸಿದ್ದು ಆ ದೇಶದ ವಿಶ್ವವಿದ್ಯಾಲಯ ಕ್ರೀಡೆಯಲ್ಲಿ ಅದುವರೆಗೆ ಕಂಡಿರದ ಸಂಗತಿ. ಜೂನ್ 14ರಂದು ಫಲಿತಾಂಶ ಹೊರಬಿತ್ತು. ಉದ್ದೀಪನ ಮದ್ದಿನ ನಿಯಮ ಮುರಿದಿರಬಹುದಾದ ಒಂಬತ್ತು ಪ್ರಕರಣ ಇವೆ ಅಂತ ಹೇಳಿದರು. ಅದೇ ಹೊತ್ತಿಗೆ ವಿಶ್ವವಿದ್ಯಾಲಯ ಇನ್ನೊಂದು ಘೋಷಣೆಯನ್ನೂ ಮಾಡಿತು: ಮುಂದಿನ ಒಂದು ವರ್ಷ ನಮ್ಮಲ್ಲಿ ಫುಟ್‌ಬಾಲ್ ಇಲ್ಲ.

ಕಾಲೇಜು ಹುಡುಗರು ಮೈ ಬೆಳೆಸುವ ಸ್ಟೀರಾಯ್ಡ್ ಮದ್ದು ತಗೊಳ್ತಾರೆ ಅಂದ ಕೂಡಲೇ ಎಲ್ಲರೂ ಹುಡುಗರಿಗೆ ಬುದ್ಧಿ ಹೇಳಲು ಶುರು ಮಾಡುತ್ತಾರೆ. ಈ ಪ್ರಕರಣವನ್ನು ನಾನು ಆರಿಸಿಕೊಂಡಿದ್ದು ಬೇರೆ ಕಾರಣಕ್ಕೆ. ಇದರಲ್ಲಿ ದೊಡ್ಡವರು ಏನು ಮಾಡಿದರು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಅವರ ಒಂದು ನಿರ್ಧಾರ ತುಂಬಾ ಧೈರ್ಯದ್ದು. ಅದರ ಬೆನ್ನಿಗೇ ಬಂದ ಇನ್ನೊಂದು ನಿರ್ಧಾರ, ನನ್ನ ಪ್ರಕಾರ, ಆ ಧೈರ್ಯದ ಫಲವನ್ನೇ ಕೆಡಿಸಿತು.

ಊರು, ಆಟ, ಬಂಧನ

ವಾಟರ್ಲೂ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಕಂಪ್ಯೂಟರ್ ಸೈನ್ಸ್. ಬ್ಲ್ಯಾಕ್‌ಬೆರಿ ಫೋನ್ ಹುಟ್ಟಿದ ಊರು ಅದು. ಟೊರಾಂಟೊದಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ದಾರಿ. 1957ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯಕ್ಕೆ ಹೆಸರು ಬಂದಿದ್ದು ಗಣಿತ ಮತ್ತು ಎಂಜಿನಿಯರಿಂಗ್‌ನಿಂದ. ಕ್ರೀಡೆ ಅಲ್ಲಿ ಎರಡನೇ ಸಾಲಿನ ವಿಷಯ.

ಫುಟ್‌ಬಾಲ್ ಅಂದಾಗ ನಮ್ಮ ಕಾಲ್ಚೆಂಡನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಇದು ಹೆಲ್ಮೆಟ್, ಭುಜಕ್ಕೆ ಪ್ಯಾಡ್ ಕಟ್ಟಿಕೊಂಡು ಒಬ್ಬರಿಗೊಬ್ಬರು ಗುದ್ದಿಕೊಳ್ಳುವ ಕೆನಡಿಯನ್ ಫುಟ್‌ಬಾಲ್. ಒಂದು ಕಡೆಗೆ 12 ಜನ, ಮೈದಾನ 110 ಗಜ ಉದ್ದ. ಮುಂದಿನ ಸಾಲಿನಲ್ಲಿ ನಿಲ್ಲುವವರು 120 ಕೆಜಿ ದಾಟಿರುವುದು ಮಾಮೂಲು. ಹೈಸ್ಕೂಲ್ ಮುಗಿಸಿ ಬಂದ 18ರ ಹುಡುಗ ಎದುರಿಗೆ 23 ವರ್ಷದ, ತನಗಿಂತ 25 ಕೆಜಿ ಜಾಸ್ತಿ ಇರುವವನನ್ನು ನೋಡುತ್ತಾನೆ. ಅವನ ಮೇಲಿರುವ ಒತ್ತಡ ಅರ್ಥವಾಗಬೇಕಾದರೆ ಇದಿಷ್ಟು ಸಾಕು.

ಇನ್ನೊಂದು ವಿಷಯ ನನಗೆ ಮುಖ್ಯ ಅನ್ನಿಸುತ್ತದೆ. ವಾಟರ್ಲೂ ಆಗ ಚಾಂಪಿಯನ್ ತಂಡವೇನಲ್ಲ. ಒಂಟಾರಿಯೊ ಪ್ರಾಂತ್ಯದ ಯೇಟ್ಸ್ ಕಪ್ಪನ್ನು ಅವರು ಕೊನೆಗೆ ಗೆದ್ದಿದ್ದು 1999ರಲ್ಲಿ. ಹತ್ತು ವರ್ಷ ಕಳೆದಿತ್ತು. ಕಪ್ ಗೆಲ್ಲುವ ದುರಾಸೆಗೆ ಮದ್ದು ತೆಗೆದುಕೊಳ್ಳುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಹುಡುಗರಿಗೆ ಬೇಕಾಗಿರುವುದು ತಂಡದಲ್ಲಿ ಒಂದು ಜಾಗ, ಅದು ಕೈತಪ್ಪಿ ಹೋಗದಿದ್ದರೆ ಸಾಕು.

ವಿಷಯ ಹೊರಬಂದಿದ್ದು ಪೊಲೀಸರಿಂದ. 2010ರ ಮಾರ್ಚ್‌ನಲ್ಲಿ ತಂಡದ ಒಬ್ಬ ಆಟಗಾರನನ್ನು ಬಂಧಿಸಿ, ಮಾರುವ ಉದ್ದೇಶದಿಂದ ಸ್ಟೀರಾಯ್ಡ್ ಇಟ್ಟುಕೊಂಡಿದ್ದ ಆರೋಪ ಹೊರಿಸಿದರು. ಕೆನಡಾದ ಕಾನೂನಿನಲ್ಲಿ ಸ್ಟೀರಾಯ್ಡ್ ನಿಯಂತ್ರಿತ ವಸ್ತುಗಳ ಪಟ್ಟಿಯಲ್ಲಿದೆ. ಆದರೆ ಸ್ವಂತಕ್ಕೆ ಅಂತ ಇಟ್ಟುಕೊಂಡರೆ ಅಪರಾಧವಲ್ಲ. ಮಾರಿದರೆ, ಹೊರದೇಶದಿಂದ ತರಿಸಿದರೆ ಅಪರಾಧ. ಅಂದರೆ ಬಳಸುವವನ ಮೇಲೆ ಪೊಲೀಸರ ಕಣ್ಣು ಬೀಳುವುದಿಲ್ಲ. ಅವನನ್ನು ಹಿಡಿಯಬೇಕಾದದ್ದು ಕ್ರೀಡಾ ವ್ಯವಸ್ಥೆ. ಈ ಪ್ರಕರಣದಲ್ಲಿ ಕ್ರೀಡಾ ವ್ಯವಸ್ಥೆಗೆ ಸುಳಿವು ಸಿಕ್ಕಿದ್ದೇ ಪೊಲೀಸರು ಬಾಗಿಲು ತಟ್ಟಿದ ಮೇಲೆ.

ಅಲ್ಲಿಂದ ಮುಂದೆ ವಿಶ್ವವಿದ್ಯಾಲಯ ಸುಮ್ಮನೆ ಕೂರಬಹುದಿತ್ತು. ಒಬ್ಬ ಕೆಟ್ಟ ಹುಡುಗ, ಅವನನ್ನು ತೆಗೆದುಹಾಕಿದ್ದೇವೆ ಅಂತ ಒಂದು ಹೇಳಿಕೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಬಹುತೇಕ ಸಂಸ್ಥೆಗಳು ಮಾಡುವುದು ಅದನ್ನೇ. ಆಗ ಕ್ರೀಡಾ ವಿಭಾಗದ ನಿರ್ದೇಶಕರಾಗಿದ್ದವರು ಬಾಬ್ ಕೋಪ್‌ಲ್ಯಾಂಡ್. ವಿಶ್ವವಿದ್ಯಾಲಯ ಕೆನಡಾದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ಸಿಸಿಇಎಸ್‌ಗೆ ಹೇಳಿ ಇಡೀ ತಂಡವನ್ನು ಪರೀಕ್ಷೆ ಮಾಡಿಸಿತು. ತನ್ನ ಮನೆಯಲ್ಲಿ ಏನಿದೆ ಅಂತ ತಾನೇ ದೀಪ ಹಿಡಿದು ನೋಡುವ ಕೆಲಸ ಇದು. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಮಾರ್ಚ್ ತಿಂಗಳು ಯಾಕೆ ಮುಖ್ಯ

ಕೆನಡಾದ ವಿಶ್ವವಿದ್ಯಾಲಯ ಫುಟ್‌ಬಾಲ್ ನಡೆಯುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಮಾರ್ಚ್‌ನಲ್ಲಿ ಪಂದ್ಯಗಳಿಲ್ಲ. ಹೊರಗೆ ಹಿಮ, ಒಳಗೆ ಜಿಮ್. ಮೈ ಬೆಳೆಸುವ ಕಾಲ ಅದೇ. ಸ್ಟೀರಾಯ್ಡ್ ತೆಗೆದುಕೊಳ್ಳುವವರು ತೆಗೆದುಕೊಳ್ಳುವುದೂ ಆಗಲೇ. ಕೆಲವು ವಾರ ತಗೊಂಡು, ಬಿಟ್ಟು, ಮತ್ತೆ ತಗೊಳ್ಳುವುದಕ್ಕೆ ಜಿಮ್ ಭಾಷೆಯಲ್ಲಿ ಸೈಕಲ್ ಅನ್ನುತ್ತಾರೆ. ಬೇಸಿಗೆಯ ಹೊತ್ತಿಗೆ ಸೈಕಲ್ ಮುಗಿಸಿದರೆ ಸೆಪ್ಟೆಂಬರ್‌ನಲ್ಲಿ ಮೂತ್ರ ಸ್ವಚ್ಛ. ಬೆಳೆದ ಸ್ನಾಯು ಮಾತ್ರ ಹಾಗೇ ಉಳಿದಿರುತ್ತದೆ. ಪಂದ್ಯದ ದಿನ ಪರೀಕ್ಷೆ ಮಾಡಿದರೆ ಸಿಕ್ಕಿಬೀಳುವವನು ಲೆಕ್ಕ ತಪ್ಪಿದವನು ಮಾತ್ರ.

ಎಲ್ಲಾ ಸ್ಟೀರಾಯ್ಡ್‌ಗಳೂ ಒಂದೇ ವೇಗದಲ್ಲಿ ಹೋಗುವುದಿಲ್ಲ ಅನ್ನುವುದು ನಿಜ. ಎಣ್ಣೆಯಲ್ಲಿ ಕರಗಿಸಿ ಸೂಜಿಯಲ್ಲಿ ಕೊಡುವ ನ್ಯಾಂಡ್ರೊಲೋನ್, ಜಿಮ್‌ನಲ್ಲಿ ಡೆಕಾ ಅಂತ ಕರೆಯುವುದು, ತಿಂಗಳುಗಟ್ಟಲೆ ಸುಳಿವು ಬಿಡುತ್ತದೆ. ಬಾಯಲ್ಲಿ ನುಂಗುವ ಮಾತ್ರೆಗಳಲ್ಲಿ ಹಲವು ಅದಕ್ಕಿಂತ ಬೇಗ ಹೊರಟುಹೋಗುತ್ತವೆ. ಹುಡುಗರಿಗೆ ಈ ಲೆಕ್ಕವೆಲ್ಲ ಗೊತ್ತಿರುತ್ತದೆ. ಹಾಗಾಗಿ ಮಾರ್ಚ್ ಕೊನೆಯಲ್ಲಿ ಮಾಡಿದ ಈ ಪರೀಕ್ಷೆ ಸರಿಯಾದ ಹೊತ್ತಿಗೆ ಬಿತ್ತು. ಯಾರೋ ಯೋಜನೆ ಹಾಕಿದ್ದರಿಂದ ಅಲ್ಲ, ಬಂಧನ ಮಾರ್ಚ್‌ನಲ್ಲಿ ಆಗಿದ್ದರಿಂದ.

ಒಂಬತ್ತು ಪ್ರಕರಣಗಳಲ್ಲಿ ಕೆಲವು ಮಾದರಿಯಲ್ಲೇ ಸಿಕ್ಕವು, ಕೆಲವು ಹುಡುಗರು ತಾವಾಗಿ ಒಪ್ಪಿಕೊಂಡವು. ಅದರಲ್ಲಿ ಒಂದು ಎಲ್ಲರ ಗಮನ ಸೆಳೆಯಿತು. ರಕ್ತದ ಮಾದರಿಗಳಲ್ಲಿ ಒಂದರಲ್ಲಿ ಬೆಳವಣಿಗೆಯ ಹಾರ್ಮೋನು, ಎಚ್‌ಜಿಎಚ್, ಸಿಕ್ಕಿತ್ತು. ಉತ್ತರ ಅಮೆರಿಕದಲ್ಲಿ ಇದಕ್ಕೆ ಸಿಕ್ಕಿಬಿದ್ದ ಮೊದಲ ಆಟಗಾರ ಒಬ್ಬ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಜಗತ್ತಿನಲ್ಲೇ ಮೊದಲ ಪ್ರಕರಣ ಬಯಲಾಗಿದ್ದು ಅದೇ ವರ್ಷ, ಕೆಲವೇ ತಿಂಗಳ ಹಿಂದೆ, ಬ್ರಿಟನ್ನಿನ ರಗ್ಬಿ ಲೀಗ್ ಆಟಗಾರ ಟೆರಿ ನ್ಯೂಟನ್ ಅವರದು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಒಂದೇ ರೂಪದಲ್ಲಿ ಬಿಡುವುದಿಲ್ಲ. 22 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ತೂಕದ್ದು ಹೆಚ್ಚು, 20ರದ್ದು ಸ್ವಲ್ಪ, ಹೀಗೆ ಹಲವು ರೂಪಗಳ ಮಿಶ್ರಣ. ಕಾರ್ಖಾನೆಯಲ್ಲಿ ತಯಾರಾಗುವ ಮದ್ದಿನಲ್ಲಿ ಇರುವುದು ಬರೀ 22ರ ರೂಪ. ಅದನ್ನು ಚುಚ್ಚಿಕೊಂಡಾಗ ರಕ್ತದಲ್ಲಿ ಈ ರೂಪಗಳ ನಡುವಿನ ಪ್ರಮಾಣ ಏರುಪೇರಾಗುತ್ತದೆ. ಪರೀಕ್ಷೆ ಹಿಡಿಯುವುದು ಆ ಏರುಪೇರನ್ನು. 2004ರ ಅಥೆನ್ಸ್ ಒಲಿಂಪಿಕ್ಸ್‌ನಿಂದಲೇ ಈ ಪರೀಕ್ಷೆ ಇತ್ತು, ಆದರೆ ಆರು ವರ್ಷ ಯಾರೂ ಸಿಕ್ಕಿರಲಿಲ್ಲ. ಕಾರಣ ಸರಳ. ಚುಚ್ಚಿಕೊಂಡ ಒಂದೆರಡು ದಿನದೊಳಗೆ ರಕ್ತ ತೆಗೆದರೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಎಲ್ಲವೂ ಮಾಮೂಲಾಗಿಬಿಡುತ್ತದೆ.

ಈಗ ಯೋಚನೆ ಮಾಡಿ. ಒಂದೆರಡು ದಿನದ ಕಿಟಕಿ. ಬರೀ 20 ಮಾದರಿ. ಅದರಲ್ಲಿ ಒಂದು ಸಿಕ್ಕಿತು. ಅಷ್ಟು ಚಿಕ್ಕ ಕಿಟಕಿಯಲ್ಲಿ ಒಬ್ಬ ಕಂಡರೆ, ಆಚೆಗೆ ಕಾಣದೆ ಉಳಿದವರು ಯಾರೂ ಇರಲಿಲ್ಲ ಅಂತ ನಂಬುವುದು ನನಗೆ ಕಷ್ಟ. ಇದು ನನ್ನ ಊಹೆ, ಆದರೆ ಲೆಕ್ಕ ಬಿಟ್ಟ ಊಹೆಯಲ್ಲ. ಅದರ ಮೇಲೆ ಈ ಮದ್ದು ತುಂಬಾ ದುಬಾರಿ. ವಿದ್ಯಾರ್ಥಿಯ ಕೈಗೆ ಅದು ಬಂದಿದೆ ಅಂದರೆ ತಂದುಕೊಡುವ ಜಾಲ ಕ್ಯಾಂಪಸ್ಸಿನ ಹತ್ತಿರದಲ್ಲೇ ಇದೆ ಅಂತಲೇ ಅರ್ಥ.

ಮದ್ದು ಕೆಲಸ ಮಾಡುತ್ತದೆ, ಅದೇ ತೊಂದರೆ

ಕಾಲೇಜುಗಳ ಜಾಗೃತಿ ಭಾಷಣದಲ್ಲಿ ಸ್ಟೀರಾಯ್ಡ್‌ನಿಂದ ಏನೂ ಪ್ರಯೋಜನವಿಲ್ಲ ಅಂತ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಹುಡುಗರು ಜಿಮ್‌ನಲ್ಲಿ ಕಣ್ಣಾರೆ ನೋಡಿರುತ್ತಾರೆ. ಒಂದು ಸುಳ್ಳು ಕಂಡರೆ ಮಿಕ್ಕ ಮಾತನ್ನೂ ನಂಬುವುದಿಲ್ಲ.

1996ರಲ್ಲಿ ವೈದ್ಯ ಶಲೇಂದರ್ ಭಸೀನ್ ಮತ್ತು ಸಂಗಡಿಗರು 43 ಗಂಡಸರ ಮೇಲೆ ಅಧ್ಯಯನ ಮಾಡಿದರು. ಹತ್ತು ವಾರ ದೊಡ್ಡ ಪ್ರಮಾಣದ ಟೆಸ್ಟೋಸ್ಟಿರಾನ್, ಅಂದರೆ ಈ ಸ್ಟೀರಾಯ್ಡ್ ಮದ್ದುಗಳ ಮೂಲವಾದ ಗಂಡು ಹಾರ್ಮೋನು. ಮದ್ದು ಮತ್ತು ವ್ಯಾಯಾಮ ಎರಡೂ ಇದ್ದವರಲ್ಲಿ ಕೊಬ್ಬು ಬಿಟ್ಟು ಮೈತೂಕ ಸರಾಸರಿ 6.1 ಕೆಜಿ ಏರಿತು. ಮದ್ದಿಲ್ಲದೆ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಏರಿದ್ದು ಸುಮಾರು 2 ಕೆಜಿ. ಸುಮ್ನೆ ಕೂತು ಮದ್ದು ತಗೊಂಡವರೂ ವ್ಯಾಯಾಮ ಮಾಡಿದವರಿಗಿಂತ ಜಾಸ್ತಿ ಗಳಿಸಿದ್ದರು. ತಂಡದಲ್ಲಿ ಜಾಗಕ್ಕಾಗಿ ಹೋರಾಡುವ ಹುಡುಗನಿಗೆ ಈ ಅಂಕಿಗಳು ಏನು ಹೇಳುತ್ತವೆ ಅಂತ ಬೇರೆ ವಿವರಿಸಬೇಕಿಲ್ಲ, ಅಲ್ವಾ?

ಅದಕ್ಕೆ ತೆರುವ ಬೆಲೆ ತಡವಾಗಿ ಕಾಣುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್‌ಕಾಕ್ ಇರುತ್ತದಲ್ಲ, ಬೇರೆ ಪೈಪಿನಿಂದ ನೀರು ತುಂಬಿಸಿದರೂ ತೇಲುವ ಚೆಂಡು ಮೇಲೆದ್ದು ಟ್ಯಾಂಕಿಗೆ ಎಂದಿನಂತೆ ನೀರು ತರುವ ನಲ್ಲಿಯನ್ನು ಮುಚ್ಚಿಬಿಡುತ್ತದೆ. ದೇಹವೂ ಹಾಗೇ. ಹೊರಗಿನಿಂದ ಟೆಸ್ಟೋಸ್ಟಿರಾನ್ ಬಂದರೆ ಪಿಟ್ಯುಟರಿ ತನ್ನ ಸಂಕೇತ ನಿಲ್ಲಿಸುತ್ತದೆ, ವೃಷಣಗಳು ಕೆಲಸ ನಿಲ್ಲಿಸುತ್ತವೆ, ವೀರ್ಯಾಣು ತಯಾರಿ ಕುಸಿಯುತ್ತದೆ. ಮದ್ದು ಬಿಟ್ಟ ಕೂಡಲೇ ಇವೆಲ್ಲ ಮತ್ತೆ ಶುರುವಾಗುವುದಿಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಸುಸ್ತು, ಮಂಕು, ಯಾವುದರಲ್ಲೂ ಮನಸ್ಸಿಲ್ಲ. ಇದನ್ನು ತಾಳಲಾರದೆ ಹುಡುಗ ಮತ್ತೆ ಸೂಜಿ ಹಿಡಿಯುತ್ತಾನೆ. ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸ್ನಾಯುವಿನ ಆಸೆಗೆ ಶುರುಮಾಡಿದವನು ಮಂಕಿನ ಭಯಕ್ಕೆ ಮುಂದುವರಿಸುತ್ತಾನೆ.

ಹೃದಯದ ವಿಷಯ ಇನ್ನೂ ಗಂಭೀರ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ತೂಕ ಎತ್ತುವ 140 ಗಂಡಸರನ್ನು ಪರೀಕ್ಷಿಸಿದರು. 86 ಜನ ದೀರ್ಘಕಾಲ ಸ್ಟೀರಾಯ್ಡ್ ಬಳಸಿದವರು, 54 ಜನ ಬಳಸದವರು. ಹೃದಯ ಪ್ರತಿ ಬಡಿತಕ್ಕೆ ಹೊರದಬ್ಬುವ ರಕ್ತದ ಪಾಲು ಬಳಸದವರಲ್ಲಿ ಸರಾಸರಿ ಶೇ 63, ಬಳಸಿದವರಲ್ಲಿ ಶೇ 52. ಒಳ್ಳೆಯ ಕೊಲೆಸ್ಟರಾಲ್ ಇಳಿಯುವುದು, ಕೆಟ್ಟದ್ದು ಏರುವುದು, ಮಾತ್ರೆ ರೂಪದ ಸ್ಟೀರಾಯ್ಡ್‌ಗಳಿಂದ ಲಿವರ್‌ಗೆ ಪೆಟ್ಟು, ಗಂಡಸರಿಗೆ ಎದೆ ಬೆಳೆಯುವುದು, ಇವೆಲ್ಲ ವೈದ್ಯರಿಗೆ ಹಳೆಯ ಸುದ್ದಿ.

ವಾಟರ್ಲೂ ಪ್ರಕರಣದ ಬಗ್ಗೆ ಆಗ ನಡೆದ ಚರ್ಚೆಯಲ್ಲಿ ಹೆಚ್ಚಿನ ಮಾತೆಲ್ಲ ಮೋಸ, ನ್ಯಾಯ, ವಿಶ್ವವಿದ್ಯಾಲಯದ ಹೆಸರು ಇವುಗಳ ಸುತ್ತಲೇ. ಆ ಒಂಬತ್ತು ಹುಡುಗರು ಮದ್ದು ಬಿಟ್ಟ ಮೇಲಿನ ತಿಂಗಳುಗಳನ್ನು ಹೇಗೆ ಕಳೆಯಬೇಕು, ಯಾವ ವೈದ್ಯರು ನೋಡಬೇಕು ಅನ್ನುವುದು ಮೊದಲ ಪ್ರಶ್ನೆಯಾಗಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ನಿಷೇಧ ಹಾಕಿದ ದಿನವೇ ಆ ಹುಡುಗನಿಗೆ ಹಾರ್ಮೋನು ತಜ್ಞರ ಮತ್ತು ಮನೋವೈದ್ಯರ ಅಪಾಯಿಂಟ್‌ಮೆಂಟ್ ಕೂಡ ಸಿಗಬೇಕು. ಅವನು ನಿಯಮ ಮುರಿದವನು ನಿಜ, ಆದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಯೂ ಹೌದು.

ಒಂದು ವರ್ಷ ಆಟ ನಿಲ್ಲಿಸಿದ್ದು ಸರಿಯೇ?

ಜೂನ್ 14ರ ಘೋಷಣೆ ಬಂದಾಗ ತಂಡದಲ್ಲಿ ಐವತ್ತಕ್ಕೂ ಹೆಚ್ಚು ಹುಡುಗರ ವರದಿಯಲ್ಲಿ ಏನೂ ಇರಲಿಲ್ಲ. ಅವರು ಕೇಳಿದ ಪರೀಕ್ಷೆ ಕೊಟ್ಟಿದ್ದರು, ಪಾಸಾಗಿದ್ದರು. ಆದರೂ ಅವರ ಸೀಸನ್ ಹೋಯಿತು. ಒಂಟಾರಿಯೊದಲ್ಲಿ ಒಂದು ಸೀಸನ್ ಅಂದರೆ ಎಂಟು ಲೀಗ್ ಪಂದ್ಯ. ಒಬ್ಬ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಲು ಸಿಗುವುದು ಹೆಚ್ಚೆಂದರೆ ಐದು ಸೀಸನ್. ಕೊನೆಯ ವರ್ಷದ ಹುಡುಗನಿಗೆ ಅದು ಮತ್ತೆ ಬರುವುದಿಲ್ಲ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಲು ಅವಕಾಶ ಕೊಟ್ಟರು, ಕೆಲವರು ಹೋದರು. ಆದರೆ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಇರುವವನು ಆಟಕ್ಕಾಗಿ ಕೋರ್ಸ್ ಬಿಟ್ಟು ಊರು ಬದಲಿಸುವುದು ಸುಲಭದ ಮಾತೇ?

ವಿಶ್ವವಿದ್ಯಾಲಯದ ವಾದವನ್ನೂ ಕೇಳಬೇಕು. ಇದು ಒಬ್ಬಿಬ್ಬರ ವಿಷಯವಲ್ಲ, ತಂಡದ ಒಳಗೇ ಏನೋ ಕೆಟ್ಟಿದೆ, ಅದನ್ನು ತಿಳಿಯಲು ಸಮಯ ಬೇಕು ಅನ್ನುವುದು ಅವರ ನಿಲುವು. 62ರಲ್ಲಿ ಒಂಬತ್ತು ಅಂದರೆ ಏಳು ಜನಕ್ಕೆ ಒಬ್ಬ. ಜೊತೆಗೆ ಮಾರಾಟದ ಆರೋಪ. ಲಾಕರ್ ಕೋಣೆಯಲ್ಲಿ ಇಷ್ಟು ನಡೆದರೂ ಯಾರೂ ಬಾಯಿ ಬಿಡಲಿಲ್ಲ ಅಂದರೆ ವ್ಯವಸ್ಥೆಯನ್ನು ತಡೆದು ನಿಲ್ಲಿಸಬೇಕು ಅಂತ ಅನ್ನಿಸುವುದು ಸಹಜ. ಈ ವಾದದಲ್ಲಿ ತೂಕವಿದೆ.

ನನ್ನ ತಕರಾರು ಬೇರೆ ಕಡೆಯಿಂದ. ಆಗ ಕೆನಡಾದಲ್ಲಿ ಫುಟ್‌ಬಾಲ್ ತಂಡವಿದ್ದ ಇತರ ವಿಶ್ವವಿದ್ಯಾಲಯಗಳು ಇದನ್ನು ನೋಡುತ್ತಿದ್ದವು. ಅವು ಕಲಿತ ಪಾಠ ಏನಿರಬಹುದು? ತನ್ನ ತಂಡವನ್ನು ತಾನೇ ಪೂರ್ತಿ ಪರೀಕ್ಷೆ ಮಾಡಿಸಿದ ಒಂದು ವಿಶ್ವವಿದ್ಯಾಲಯಕ್ಕೆ ಒಂದು ವರ್ಷ ಆಟ ಹೋಯಿತು, ದೇಶದ ಎಲ್ಲಾ ಪತ್ರಿಕೆಗಳಲ್ಲಿ ಹೆಸರು ಕೆಟ್ಟಿತು. ಮಾಡಿಸದವರು ಸೆಪ್ಟೆಂಬರ್‌ನಲ್ಲಿ ಎಂದಿನಂತೆ ಮೈದಾನಕ್ಕೆ ಇಳಿದರು. ಆಮೇಲೆ ಬೇರೆ ವಿಶ್ವವಿದ್ಯಾಲಯಗಳ ಆಟಗಾರರ ಮಾದರಿಗಳಲ್ಲೂ ನಿಷೇಧಿತ ಮದ್ದು ಸಿಕ್ಕಿತು. ಅವರ ತಂಡಗಳು ಆಡುತ್ತಲೇ ಇದ್ದವು. ಮುಂದೊಂದು ದಿನ ಇನ್ನೊಬ್ಬ ಕ್ರೀಡಾ ನಿರ್ದೇಶಕರ ಕಿವಿಗೆ ತಮ್ಮ ತಂಡದ ಬಗ್ಗೆ ಗುಸುಗುಸು ಬಿದ್ದರೆ, ಎಲ್ಲರನ್ನೂ ಪರೀಕ್ಷೆ ಮಾಡಿಸೋಣ ಅಂತ ಹೇಳಲು ಅವರಿಗೆ ಎಷ್ಟು ಧೈರ್ಯ ಬೇಕು? ಹುಡುಕಿದವರಿಗೇ ಹೆಚ್ಚು ನಷ್ಟ ಆಗುವಂತಿದ್ದರೆ ಹುಡುಕುವವರು ಕಡಿಮೆಯಾಗುತ್ತಾರೆ.

ಸಿಕ್ಕಿಬಿದ್ದವರಿಗೆ ಆಗಿನ ನಿಯಮದಂತೆ ಸಾಮಾನ್ಯ ಶಿಕ್ಷೆ ಎರಡು ವರ್ಷದ ನಿಷೇಧ. 2015ರಿಂದ ಅದು ನಾಲ್ಕು ವರ್ಷವಾಗಿದೆ. ಆ ಶಿಕ್ಷೆ ಅವರಿಗೆ ಸಿಗಲಿ. ಮಿಕ್ಕವರು ಆಡಲಿ, ಆದರೆ ಇಡೀ ವರ್ಷ ಯಾವಾಗ ಬೇಕಾದರೂ ಪರೀಕ್ಷೆ ಎದುರಿಸಲಿ. ವಿಚಾರಣೆಯೂ ಪಕ್ಕದಲ್ಲಿ ನಡೆಯಲಿ. ಆಗ ಶುದ್ಧವಾಗಿ ಆಡಿದರೆ ಮೈದಾನ ಸಿಗುತ್ತದೆ ಅನ್ನುವ ಮಾತು ಹುಡುಗರಿಗೆ ನೇರವಾಗಿ ಮುಟ್ಟುತ್ತಿತ್ತು.

ಕೆನಡಾಕ್ಕೆ ಇದೆಲ್ಲ ಹೊಸದೂ ಆಗಿರಲಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದ ಬೆನ್ ಜಾನ್ಸನ್ ಸ್ಟ್ಯಾನೊಜೊಲಾಲ್ ಅನ್ನುವ ಸ್ಟೀರಾಯ್ಡ್‌ಗೆ ಸಿಕ್ಕಿಬಿದ್ದ ಮೇಲೆ ಅಲ್ಲಿನ ಸರ್ಕಾರ ನ್ಯಾಯಮೂರ್ತಿ ಚಾರ್ಲ್ಸ್ ಡುಬಿನ್ ಅವರಿಂದ ದೊಡ್ಡ ವಿಚಾರಣೆ ನಡೆಸಿತು. ಪಂದ್ಯದ ದಿನದ ಪರೀಕ್ಷೆ ಸಾಲದು, ತರಬೇತಿ ಕಾಲದಲ್ಲಿ ಮುನ್ಸೂಚನೆ ಇಲ್ಲದೆ ಪರೀಕ್ಷೆ ಮಾಡಬೇಕು ಅನ್ನುವುದು ಆ ವಿಚಾರಣೆಯ ಮುಖ್ಯ ಪಾಠ. ಇಪ್ಪತ್ತು ವರ್ಷದ ನಂತರವೂ ವಿಶ್ವವಿದ್ಯಾಲಯ ಫುಟ್‌ಬಾಲ್‌ನಲ್ಲಿ ಆ ಪಾಠ ಜಾರಿಗೆ ಬಂದಿದ್ದು ಸಾಲದಾಗಿತ್ತು. ಒಂದು ಪರೀಕ್ಷೆಗೆ ನೂರಾರು ಡಾಲರ್ ಖರ್ಚು. ಹಣ ಯಾರು ಕೊಡಬೇಕು ಅನ್ನುವಲ್ಲಿಗೆ ಎಲ್ಲವೂ ಬಂದು ನಿಲ್ಲುತ್ತಿತ್ತು.

ಡಬ್ಬದ ವಿಷಯ

ಸ್ಟೀರಾಯ್ಡ್ ಪ್ರಕರಣಗಳಲ್ಲಿ ಸಿಕ್ಕವರು ಹೇಳುವ ಮಾತು ಒಂದಿದೆ: ನಾನು ತಗೊಂಡಿದ್ದು ಬರೀ ಸಪ್ಲಿಮೆಂಟು. ಕೆಲವರು ಇದನ್ನು ನೆಪಕ್ಕೆ ಹೇಳುತ್ತಾರೆ. ಕೆಲವರ ಪಾಲಿಗೆ ಅದು ನಿಜ. ಜರ್ಮನಿಯ ಕಲೋನ್‌ನ ಪ್ರಯೋಗಾಲಯ 13 ದೇಶಗಳಿಂದ ಕೊಂಡ 634 ಸಪ್ಲಿಮೆಂಟುಗಳನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿತು. ಹಾರ್ಮೋನು ಇಲ್ಲ ಅಂತ ಮಾರಿದವುಗಳಲ್ಲೇ 94ರಲ್ಲಿ, ಅಂದರೆ ಶೇ 14.8ರಲ್ಲಿ, ಲೇಬಲ್ಲಿನಲ್ಲಿ ಬರೆಯದ ಅನಬಾಲಿಕ್ ಸ್ಟೀರಾಯ್ಡ್ ಇತ್ತು.

ವ್ಯಾಯಾಮಕ್ಕೆ ಮೊದಲು ತೆಗೆದುಕೊಳ್ಳುವ ಯಾವುದಾದರೂ ಪ್ರೀ ವರ್ಕೌಟ್ ಪುಡಿಯ ಡಬ್ಬ ತಿರುಗಿಸಿ ನೋಡಿ. ಪ್ರೊಪ್ರೈಟರಿ ಬ್ಲೆಂಡ್ ಅಂತ ಒಂದು ಸಾಲು, ಮುಂದೆ ಒಟ್ಟು ಇಷ್ಟು ಮಿಲಿಗ್ರಾಂ, ಕೆಳಗೆ ಹತ್ತು ಹದಿನೈದು ಹೆಸರು. ಯಾವುದು ಎಷ್ಟು ಅಂತ ಇರುವುದಿಲ್ಲ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟು ಮಾರುವ ಮೊದಲು ಅದು ಸುರಕ್ಷಿತ ಅಂತ ಸರ್ಕಾರದಿಂದ ಒಪ್ಪಿಗೆ ಪಡೆಯಬೇಕಿಲ್ಲ. ಕೆನಡಾದಲ್ಲಿ 2004ರಿಂದ ಎಂಟು ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರುತ್ತದೆ. ನಂಬರ್ ಇದ್ದರೆ ಕಂಪನಿ ನೋಂದಣಿಯಾಗಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಕೈಯಲ್ಲಿರುವ ಆ ಡಬ್ಬದಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ.

ಇದಕ್ಕೆ ನಮ್ಮದೇ ಉದಾಹರಣೆ ವಾಟರ್ಲೂ ಪ್ರಕರಣದ ಮರುವರ್ಷದ್ದು. 2011ರಲ್ಲಿ ಪಟಿಯಾಲದ ರಾಷ್ಟ್ರೀಯ ಶಿಬಿರದ ಓಟಗಾರ್ತಿಯರು ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರಲ್ಲಿ ಒಬ್ಬರು ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದು ವರ್ಷವೂ ಆಗಿರಲಿಲ್ಲ. ವಿದೇಶಿ ಕೋಚ್ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್‌ನಲ್ಲಿ ಮದ್ದು ಬೆರೆತಿತ್ತು ಅನ್ನುವುದು ಅವರ ವಿವರಣೆ. ಇಲ್ಲಿನ ಶಿಸ್ತು ಸಮಿತಿ ಅದನ್ನು ಗಣನೆಗೆ ತೆಗೆದುಕೊಂಡು ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರ ಜುಲೈನಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಿಯಮ ಎಷ್ಟು ಕಠಿಣ ನೋಡಿ: ಮೈಯೊಳಗೆ ಸಿಕ್ಕಿದ್ದಕ್ಕೆ ಹೊಣೆ ಆಟಗಾರರದ್ದೇ. ಕೋಚ್ ಕೊಟ್ಟರು ಅನ್ನುವುದು ಪೂರ್ತಿ ರಕ್ಷಣೆಯಾಗುವುದಿಲ್ಲ.

ವಾಟರ್ಲೂ ಮತ್ತು ಪಟಿಯಾಲ ಒಂದೇ ಬಗೆಯವಲ್ಲ. ಅಲ್ಲಿ ಸೂಜಿಯ ಮದ್ದು, ಮಾರಾಟದ ಆರೋಪ. ಇಲ್ಲಿ ನಂಬಿಕೆಯಿಂದ ನುಂಗಿದ ಕ್ಯಾಪ್ಸೂಲು. ಆದರೆ ಕಾಲೇಜು ಹುಡುಗ ಈ ಎರಡರ ನಡುವಿನ ದಾರಿಯಲ್ಲೇ ನಡೆಯುತ್ತಾನೆ. ಮೊದಲು ಪ್ರೋಟೀನ್ ಡಬ್ಬ, ಆಮೇಲೆ ಕ್ರಿಯೇಟಿನ್, ಆಮೇಲೆ ಟೆಸ್ಟೋಸ್ಟಿರಾನ್ ಏರಿಸುತ್ತದೆ ಅನ್ನುವ ಮಾತ್ರೆ. ಇವೆಲ್ಲ ಒಂದೇ ಅಂಗಡಿಯಲ್ಲಿ, ಒಂದೇ ಮಾರಾಟಗಾರನ ಕೈಯಿಂದ. ಹಾಲೊಡಕಿನ ಪ್ರೋಟೀನ್ ತಿಂದರೆ ತಪ್ಪಿಲ್ಲ, ಕ್ರಿಯೇಟಿನ್ ನಿಷೇಧಿತ ಪಟ್ಟಿಯಲ್ಲೂ ಇಲ್ಲ. ಅದೇ ಮಾರಾಟಗಾರ ಮೂರನೇ ತಿಂಗಳು ಕೌಂಟರ್ ಕೆಳಗಿಂದ ಇನ್ನೊಂದು ಸೀಸೆ ತೆಗೆದಾಗ ಹುಡುಗನಿಗೆ ಅದು ಮುಂದಿನ ಮೆಟ್ಟಿಲು ಅಂತ ಅನ್ನಿಸುತ್ತದಷ್ಟೆ. ಅಪಾಯ ಇರುವುದು ಅಲ್ಲಿ.

ಆಮೇಲೆ ಏನಾಯಿತು

ವಾಟರ್ಲೂ ತಂಡ 2011ರಲ್ಲಿ ಮೈದಾನಕ್ಕೆ ಮರಳಿತು. ಸಿಸಿಇಎಸ್ ಒಂದು ಕಾರ್ಯಪಡೆ ಮಾಡಿ ಫುಟ್‌ಬಾಲ್‌ನಲ್ಲಿ ಮದ್ದಿನ ಬಳಕೆ ಬಗ್ಗೆ ವರದಿ ಕೊಡಿಸಿತು. ದೇಶದ ವೃತ್ತಿಪರ ಲೀಗ್ ಸಿಎಫ್‌ಎಲ್‌ನಲ್ಲಿ ಅದುವರೆಗೆ ಮದ್ದಿನ ಪರೀಕ್ಷೆಯೇ ಇರಲಿಲ್ಲ! 2010ರಲ್ಲಿ ಆಟಗಾರರ ಸಂಘದ ಜೊತೆ ಒಪ್ಪಂದವಾಗಿ 2011ರಿಂದ ಶುರುವಾಯಿತು. ಇದು ಸಣ್ಣ ವಿಷಯ ಅಲ್ಲ. ವಿಶ್ವವಿದ್ಯಾಲಯದ ಹುಡುಗ ತಲುಪಬೇಕು ಅಂದುಕೊಂಡ ಜಾಗದಲ್ಲಿ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ ಅಂದರೆ, ವಿಶ್ವವಿದ್ಯಾಲಯದಲ್ಲಿ ಎಷ್ಟು ಬುದ್ಧಿ ಹೇಳಿದರೂ ಅವನ ಕಿವಿಗೆ ಬೀಳುವುದು ಕಷ್ಟ.

ಅದೂ ಸಲೀಸಾಗಿ ನಡೆಯಲಿಲ್ಲ. 2015ರಲ್ಲಿ ಸಿಎಫ್‌ಎಲ್ ಆಯ್ಕೆ ಶಿಬಿರದಲ್ಲಿ ಕೆಲವು ವಿಶ್ವವಿದ್ಯಾಲಯ ಆಟಗಾರರು ಸಿಕ್ಕಿಬಿದ್ದರು. ವಿಶ್ವವಿದ್ಯಾಲಯ ಕ್ರೀಡೆಯಲ್ಲಿ ಅವರಿಗೆ ನಿಷೇಧ. ಸಿಎಫ್‌ಎಲ್‌ನಲ್ಲಿ ಮಾತ್ರ ಆಡಲು ಅಡ್ಡಿಯಿಲ್ಲ. ಇದನ್ನು ಒಪ್ಪದೆ ಸಿಸಿಇಎಸ್ ಲೀಗ್‌ನ ಜೊತೆಗಿನ ಕೆಲಸ ಬಿಟ್ಟಿತು. ಮಾಂಟ್ರಿಯಲ್ ಪ್ರಯೋಗಾಲಯದ ಮುಖ್ಯಸ್ಥೆ ಕ್ರಿಸ್ಟಿಯಾನ್ ಅಯೋಟ್ ಕೂಡ ಲೀಗ್‌ನ ಮಾದರಿಗಳನ್ನು ಪರೀಕ್ಷಿಸುವುದಿಲ್ಲ ಅಂದರು. ಆಮೇಲೆ, 2016ರಲ್ಲಿ, ಲೀಗ್ ತನ್ನ ನಿಯಮವನ್ನು ಬಿಗಿ ಮಾಡಿತು.

ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಈ ಪ್ರಕರಣವನ್ನು ಓದಬೇಕು ಅಂತ ನನ್ನ ಆಸೆ. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ಲೆಕ್ಕದ ಪ್ರಕಾರ 2023ರಲ್ಲಿ ಭಾರತದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ಮದ್ದು ಸಿಕ್ಕಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಮ್ಮ ದೇಶದ ಇಂಥದೇ ಸಂಸ್ಥೆ ನಾಡಾದವರು ಪರೀಕ್ಷೆಗೆ ಬರುತ್ತಾರೆ ಅಂತ ತಿಳಿದು 100 ಮೀಟರ್ ಫೈನಲ್‌ಗೆ ಒಬ್ಬನೇ ಓಟಗಾರ ಬಂದಿದ್ದ. ನಮ್ಮ ಕಾಲೇಜು ಹುಡುಗರಿಗೆ ಕೂಟದ ದಿನ ಪರೀಕ್ಷೆ ಬಂದರೂ ಬರಬಹುದು. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಮೂರು ನಾಲ್ಕು ತಿಂಗಳು ಮೊದಲು, ಹಾಸ್ಟೆಲ್ ಜಿಮ್‌ನಲ್ಲಿ ಹುಡುಗರು ಮೈ ಕಟ್ಟುವಾಗ, ಕೇಳುವವರು ಯಾರೂ ಇರುವುದಿಲ್ಲ.

ನಿರ್ದೇಶಕರು ಮಾಡಬಹುದಾದ ಕೆಲಸ ಅಲ್ಲಿಂದಲೇ ಶುರು. ಯಾರು ಏನು ತಿನ್ನುತ್ತಿದ್ದಾರೆ ಅಂತ ಡಬ್ಬ ಸಮೇತ ತರಿಸಿ ನೋಡುವುದು. ಮೂರು ತಿಂಗಳಲ್ಲಿ ಒಬ್ಬನ ತೂಕ ಹತ್ತು ಕೆಜಿ ಏರಿದ್ದರೆ ಮೆಚ್ಚಿ ಬೆನ್ನು ತಟ್ಟುವ ಮೊದಲು ಒಂದು ಪ್ರಶ್ನೆ ಕೇಳುವುದು. ಜ್ವರ, ಕೆಮ್ಮಿನ ಮಾತ್ರೆಯನ್ನೂ ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಹುಡುಕಿ ನೋಡುವ ಅಭ್ಯಾಸ ಮಾಡಿಸುವುದು. ಮುಖ್ಯವಾಗಿ, ಸರ್, ನಾನು ತಗೊಂಡುಬಿಟ್ಟಿದ್ದೀನಿ ಅಂತ ಒಬ್ಬ ಬಂದು ಹೇಳಿದರೆ ಅವನನ್ನು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು, ತಂಡದಿಂದ ತೆಗೆಯುವ ಮಾತು ಆಮೇಲೆ. ಇಡೀ ತಂಡವನ್ನು ಪರೀಕ್ಷೆ ಮಾಡಿಸೋಣ ಅಂತ ಯಾವುದಾದರೂ ನಿರ್ದೇಶಕರು ಕೇಳಿದ ದಿನ ಆಡಳಿತ ಮಂಡಳಿ ಅವರ ಬೆನ್ನಿಗೆ ನಿಲ್ಲಲಿ, ಪಾಸಾದ ಹುಡುಗರನ್ನು ಆಡಲು ಬಿಡಲಿ.